ಬಣ್ಣ ಹಚ್ಚಬಾರದ ಜಾಗ

ನಾನು ಓದು ನಿಲ್ಲಿಸಿದ್ದು ಎರಡು ಸಾವಿರದ ಮೂರನೆಯ ಇಸವಿಯಲ್ಲಿ, ಒಂಬತ್ತನೆಯ ತರಗತಿ ಮುಗಿಸಿ ಹತ್ತಕ್ಕೆ ಪುಸ್ತಕ ತರುವ ಹೊತ್ತಿಗೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಶಾಲೆ ಬಿಟ್ಟವನು ಎಂದರೆ ಸಾಕು, ಕೇಳಿದವರ ಮುಖದಲ್ಲಿ ಒಂದು ಕನಿಕರ ಬಂದು ಕೂರುತ್ತದೆ, ಮನೆಯಲ್ಲಿ ಏನೋ ಕಷ್ಟ ಇದ್ದಿರಬೇಕು ಎಂದು. ಕಷ್ಟ ಇರಲಿಲ್ಲ. ಅಪ್ಪ ನೌಕಾದಳದಲ್ಲಿದ್ದರು. ವಿಶಾಖಪಟ್ಟಣದಲ್ಲಿ ನಮಗೆ ಕ್ವಾರ್ಟರ್ಸ್ ಇತ್ತು, ಕ್ಯಾಂಟೀನಿನಿಂದ ಸಾಮಾನು ಬರುತ್ತಿತ್ತು, ಅಕ್ಕ ಸುಜಾತಾ ಅದೇ ಶಾಲೆಯಲ್ಲಿ ಓದಿ ಹೆಸರು ಮಾಡಿದ್ದಳು. ನನಗೆ ಮಾತ್ರ ಬೆಂಚಿನ ಮೇಲೆ ಕೂತರೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಮನೆಯಲ್ಲಾದರೆ ಆ ಕೈಗಳಿಗೆ ಬಿಡುವೇ ಇರುತ್ತಿರಲಿಲ್ಲ. ನಾನು ಇವತ್ತು ಏನಾಗಿದ್ದೇನೋ ಅದು ಆದದ್ದು ಆ ಮನೆಯಲ್ಲಿ, ಅದರಲ್ಲೂ ಅಲ್ಲಿನ ಭಾನುವಾರಗಳಲ್ಲಿ.

ಎರಡನೆಯ ಮಹಡಿಯ ಮನೆ. ಮುಂದೊಂದು ಕೋಣೆ, ಒಳಗೊಂದು ಕೋಣೆ, ಅಡುಗೆಮನೆ, ಅದರ ಹಿಂದೆ ಬಟ್ಟೆ ಒಣಹಾಕುವ ಬಾಲ್ಕನಿ. ಬಾಲ್ಕನಿಯಿಂದ ಸಮುದ್ರ ಕಾಣುತ್ತಿರಲಿಲ್ಲ, ಬಂದರಿನ ಕ್ರೇನುಗಳ ತಲೆ ಮಾತ್ರ ಕಾಣುತ್ತಿತ್ತು. ಆದರೆ ಸಮುದ್ರ ಮನೆಯೊಳಗೇ ಇತ್ತು. ಕಿಟಕಿ ತೆರೆದಿಟ್ಟರೆ ಸಂಜೆಯ ಹೊತ್ತಿಗೆ ಮೇಜೆಲ್ಲ ಅಂಟಂಟು, ಉಪ್ಪಿನ ಡಬ್ಬಿಯಲ್ಲಿ ನೀರು, ಅವ್ವನ ಹೊಲಿಗೆ ಮಷೀನಿನ ಸೂಜಿಗೆ ತುಕ್ಕು. ಹೊಸ ಸೈಕಲ್ಲಿನ ಹೊಳೆಯುವ ರಿಮ್ಮು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸಿಡುಬು ಎದ್ದ ಮುಖದಂತಾಗುತ್ತಿತ್ತು. ಗದಗಿನ ಕಡೆಯ ಒಣನೆಲದಲ್ಲಿ ಹುಟ್ಟಿ ಬೆಳೆದ ಅಪ್ಪ ಈ ಉಪ್ಪುಗಾಳಿಯನ್ನು ಸ್ವಂತ ಹಗೆಯಂತೆ ಕಾಣುತ್ತಿದ್ದರು. ಹಡಗಿನಲ್ಲಿ ಅವರು ಮೊದಲು ಕಲಿತ ಕೆಲಸವೇ ಅದು: ತುಕ್ಕನ್ನು ಸುತ್ತಿಗೆಯಿಂದ ಬಡಿದು ಉದುರಿಸುವುದು, ಕೆರೆಯುವುದು, ಕೆಂಪು ಪ್ರೈಮರ್ ಹಚ್ಚುವುದು, ಮೇಲೆ ಬೂದುಬಣ್ಣ ಬಳಿಯುವುದು. ಒಂದು ತುದಿಯಿಂದ ಹೊರಟು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲಿನ ತುದಿಯಲ್ಲಿ ಮತ್ತೆ ಕೆಂಪು ಇಣುಕುತ್ತಿರುತ್ತದೆ ಎಂದು ಹೇಳುತ್ತಿದ್ದರು. ಬಡ್ತಿ ಸಿಕ್ಕಿ ಕೈಕೆಳಗೆ ಜನ ಬಂದ ಮೇಲೆ ಹಡಗಿನಲ್ಲಿ ಅವರಿಗೆ ಬ್ರಷ್ ಹಿಡಿಯುವ ಅಗತ್ಯ ಇರಲಿಲ್ಲ. ಆ ಕೊರತೆಯನ್ನು ಮನೆಯಲ್ಲಿ ತುಂಬಿಕೊಂಡರು.

ಭಾನುವಾರ ನಾಷ್ಟಾ ಮುಗಿದರೆ ಮನೆಯಲ್ಲಿದ್ದ ಕಬ್ಬಿಣವೆಲ್ಲ ತಪಾಸಣೆಗೆ ನಿಲ್ಲಬೇಕು. ಕಿಟಕಿಯ ಸರಳು, ಮಂಚದ ಕಾಲು, ಟ್ರಂಕು, ಗ್ಯಾಸ್ ಸಿಲಿಂಡರ್ ಇಡುವ ಸ್ಟ್ಯಾಂಡು, ಬಾಗಿಲ ಬಿಜಾಗರಿ, ಸ್ಕೂಟರಿನ ಹೊಟ್ಟೆಯ ಕೆಳಭಾಗ. ಅಪ್ಪ ತೋರುಬೆರಳನ್ನು ಮೆಲ್ಲಗೆ ಎಳೆದುಕೊಂಡು ಹೋಗುವರು. ಎಲ್ಲಿ ಬೆರಳು ತಡೆಯಿತೋ ಅಲ್ಲಿ ಕೆಲಸ. ಅಕ್ಕನಿಗೆ ಎಮರಿ ಪೇಪರು, ನನಗೆ ತಂತಿಬ್ರಷ್ಷು, ಅಪ್ಪನಿಗೆ ಪ್ರೈಮರ್ ಮತ್ತು ಬಣ್ಣ. ನಾನು ಐದನೆಯ ತರಗತಿಯಲ್ಲಿದ್ದಾಗ ಪ್ರೈಮರಿನ ಬ್ರಷ್ಷು ನನ್ನ ಕೈಗೆ ಬಂತು. ಶಾಲೆಯಲ್ಲಿ ಯಾವ ಬಹುಮಾನವೂ ನನಗೆ ಅಷ್ಟು ಖುಷಿ ಕೊಟ್ಟದ್ದಿಲ್ಲ. ಕೊಡಲಿಕ್ಕೆ ಶಾಲೆಯಲ್ಲಿ ನನಗೆ ಬಹುಮಾನ ಬಂದದ್ದೂ ಇಲ್ಲ ಅನ್ನಿ. ಕಣ್ಣಿಗೆ ಕಾಣದ ಜಾಗಗಳ ಮೇಲೆ ಅಪ್ಪನಿಗೆ ಹೆಚ್ಚು ಕಣ್ಣು. ಮಂಚವನ್ನು ತಲೆಕೆಳಗು ಮಾಡಿ ಕಾಲಿನ ಅಡಿಗೂ ಬಳಿಸುತ್ತಿದ್ದರು.

"ಬರಿ ಲೋಹ ಬಿಟ್ಟಿ ಅಂದ್ರ ಉಪ್ಪಿಗೆ ಬಾ ಅಂತ ಚಾಪಿ ಹಾಸಿ ಕೊಟ್ಟಂಗ," ಎಂದು ಅಪ್ಪ.

"ಈ ಮನ್ಯಾಗ ಒಂದ್ ತಾಸು ಸುಮ್ನ ಕುಂತ್ರ ನನಗೂ ಬಣ್ಣಾ ಬಳದ ಬಿಡ್ತಾರ ನಿಮ್ಮಪ್ಪ," ಎಂದು ಅಡುಗೆಮನೆಯಿಂದ ಅವ್ವ. "ಬೂದಿಬಣ್ಣದ ಅವ್ವ ಬೇಕೇನ್ರೋ ನಿಮಗ?"

"ನಿನಗ ಪ್ರೈಮರ್ ಹಿಡ್ಯಂಗಿಲ್ಲ ಬಿಡು," ಅಪ್ಪ ತಲೆಯೆತ್ತದೆ ಹೇಳುವರು. "ಒಂದ್ ಕಡೆ ನಿಂದ್ರಬೇಕಲ್ಲ ನೀ."

ಊಟಕ್ಕೂ ಹಡಗಿನ ಹೊತ್ತೇ. ಗದಗಿನಿಂದ ರೈಲಿನಲ್ಲಿ ಚೀಲಗಟ್ಟಲೆ ಜೋಳದ ಹಿಟ್ಟು ಬರುತ್ತಿತ್ತು. ಅವ್ವ ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯ ತೆಲುಗಿನವರು ಮೊದಮೊದಲು ಇಲ್ಲೂ ತುಕ್ಕು ಬಡಿಯುತ್ತಿದ್ದಾರೆ ಎಂದುಕೊಂಡಿದ್ದರಂತೆ. ಅವರು ಗೋಂಗೂರ ಪಚ್ಚಡಿ ಕಳಿಸುವರು, ಅವ್ವ ಅದೇ ಸೊಪ್ಪಿನ ಪುಂಡಿಪಲ್ಯ ತಿರುಗಿ ಕಳಿಸುವಳು, ಯಾರದು ಹೆಚ್ಚು ಎಂಬ ಜಗಳ ನಾವು ಆ ಮನೆ ಬಿಡುವತನಕ ತೀರಲಿಲ್ಲ. ಅಕ್ಕನೂ ನಾನೂ ಮೆಟ್ಟಿಲ ಮೇಲೆ, ಬೀದಿಯಲ್ಲಿ, ಜಗಳವಾಡುವಾಗ ಎಲ್ಲ ತೆಲುಗು. ತಾಟಿನ ಮುಂದೆ ಕೂತ ಮೇಲೆ ಮಾತ್ರ ಕನ್ನಡ. ಅದು ಅಪ್ಪನ ಕಟ್ಟಳೆ. ತೆಲುಗು ಬಾಯಿಗೆ ಬಂದವರು ಎದ್ದು ಎಲ್ಲರ ಲೋಟಕ್ಕೂ ನೀರು ಹಾಕಬೇಕು.

ಶಾಲೆ ಬಿಡುವ ಮಾತನ್ನು ನಾನು ಎತ್ತಿದ್ದು ಅಂಥ ಒಂದು ಊಟದಲ್ಲಿ.

"ಅಪ್ಪಾ, ನಾ ಇನ್ನ ಸಾಲಿಗೆ ಹೋಗೂದಿಲ್ಲ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಮತ್ತೇನ್ ಮಾಡ್ತಿ?"

"ಕೆಲಸ."

"ಎಂಥಾ ಕೆಲಸ?"

"ಗಾಡೀದು. ಬಣ್ಣದ್ದು."

"ಅಯಿಪೋಯಿಂದಿ," ಎಂದಳು ಅಕ್ಕ, ಮುಗೀತು ಕಥೆ ಎಂಬಂತೆ.

"ಸುಜಾತಾ, ನೀರು," ಎಂದರು ಅಪ್ಪ. ಅಕ್ಕ ಎದ್ದು ತಂಬಿಗೆ ತಂದು ಸುತ್ತ ನೀರು ಹಾಕಿದಳು. ಆಮೇಲೆ ಅವರು ನನ್ನ ಕಡೆ ತಿರುಗಿದರು. "ಬಣ್ಣದ ಕೆಲಸ ಮನ್ಯಾಗೂ ಮಾಡ್ತಿ. ಅದಕ್ಕ ಸಾಲಿ ಯಾಕ ಬಿಡಬೇಕು?"

ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಮುಂದಿನ ಭಾನುವಾರ ಹಳೆಯ ಪೇಪರ್ ಹಾಸಿ ಸಾಮಾನು ಜೋಡಿಸಿದಾಗ ನನ್ನ ಬ್ರಷ್ಷು ಅಲ್ಲಿರಲಿಲ್ಲ. ನಾನು ಕೈ ಚಾಚಿ ನಿಂತೆ. "ನಿನಗ ಇವತ್ತಿಂದ ರಜಾ," ಎಂದರು. ನಾನು ಬಾಗಿಲಲ್ಲಿ ನಿಂತು ಅಪ್ಪ ಅಕ್ಕ ಇಬ್ಬರೇ ಕಿಟಕಿ ಕೆರೆಯುವುದನ್ನು ನೋಡಿದೆ. ಬೆಲ್ಟಿನ ಏಟಿಗಿಂತ ಅದು ಹೆಚ್ಚು ತಾಗಿತು. ಆದರೆ ನಾನೂ ಅವರದೇ ಮಗ. ಮರುದಿನವೇ ನಮ್ಮ ಪಕ್ಕದ ಮಲ್ಕಾಪುರದ ಟಯರ್ ಅಂಗಡಿಯೊಂದಕ್ಕೆ ಹೋಗಿ ಪಂಕ್ಚರ್ ಹಾಕುವ ಕೆಲಸಕ್ಕೆ ಸೇರಿದೆ. ಕೆಲವು ತಿಂಗಳ ನಂತರ ಆ ಅಂಗಡಿಯವರೇ, ನಿನ್ನ ಕೈ ಟಯರಿಗಿಂತ ಬಣ್ಣಕ್ಕೆ ಒಗ್ಗುತ್ತದೆ ಎಂದು, ವಿಜಯವಾಡದ ಆಟೋನಗರದಲ್ಲಿದ್ದ ತಮ್ಮ ಪರಿಚಯದ ಮಸ್ತಾನ್ ಮೇಸ್ತ್ರಿಯ ಬಳಿ ಕಳಿಸಿದರು.

ವಿಜಯವಾಡದ ಬಿಸಿಲು ನನಗೆ ಹೊಸದು. ವಿಶಾಖಪಟ್ಟಣದಲ್ಲಿ ಬೆವರು ಅಂಟಿಕೊಂಡೇ ಇರುತ್ತದೆ, ಇಲ್ಲಿ ಬಂದ ಬೆವರು ಬಂದಲ್ಲೇ ಒಣಗುತ್ತಿತ್ತು. ಮೇಸ್ತ್ರಿಯ ಶೆಡ್ಡಿನಲ್ಲಿ ಕಾರಿನ ಚಕ್ರಗಳ ಕೆಲಸ ಬಿಟ್ಟರೆ ಬೇರೆ ಏನೂ ಇಲ್ಲ. ಕಾರಿನ ಜೊತೆ ಕಂಪನಿಯಿಂದ ಬಂದ ಅಲ್ಯೂಮಿನಿಯಮ್ಮಿನ ಅಲಾಯ್ ಚಕ್ರ ಕಲ್ಲಿಗೆ ತಾಗಿ ಗೀಚಿಹೋಗಿರುತ್ತದೆ, ಮೇಲಿನ ವಾರ್ನಿಷ್ ಎದ್ದಿರುತ್ತದೆ. ಹೊಸದು ಕೊಳ್ಳುವ ಬದಲು ಜನ ಅದನ್ನೇ ಹೊಸದು ಮಾಡಿಸಿಕೊಳ್ಳಲು ಬರುತ್ತಿದ್ದರು. ಕೆಲವರಿಗೆ ಕ್ರೋಮ್ ಬೇಕು, ಮದುವೆಮನೆಯ ಬೆಳ್ಳಿತಟ್ಟೆಯಂತೆ ಮುಖ ಕಾಣಬೇಕು. ಕೆಲವರಿಗೆ ಬರೀ ಪಾಲಿಶ್ ಸಾಕು. ಮೇಸ್ತ್ರಿಗೆ ಪ್ರೀತಿ ಇದ್ದದ್ದು ಬಣ್ಣದ ಮೇಲೆ. ಕ್ರೋಮ್ ಒಮ್ಮೆ ಬಿರುಕು ಬಿಟ್ಟರೆ ಸಿಪ್ಪೆ ಏಳುತ್ತದೆ, ಪಾಲಿಶ್ ತಿಂಗಳಿಗೊಮ್ಮೆ ಮುದ್ದು ಮಾಡಿಸಿಕೊಳ್ಳುತ್ತದೆ, ಬಣ್ಣ ಮಾತ್ರ ಸಂಸಾರಸ್ಥ ಎನ್ನುತ್ತಿದ್ದ. ನನ್ನನ್ನು ಅವನು ಹೆಸರಿಟ್ಟು ಕರೆದವನೇ ಅಲ್ಲ, ಬಂದ ಊರಿನ ಹೆಸರೇ ನನ್ನ ಹೆಸರಾಯಿತು.

"ಒರೇಯ್ ವೈಜಾಗ್, ಗೋಲಿ ತಗೊಂಡು ಬಾ."

ಗೋಲಿ ಎಂದರೆ ಮಕ್ಕಳು ಆಡುವ ಗಾಜಿನ ಗೋಲಿ. ಬಣ್ಣ ಹೊಡೆಯುವ ಮುಂಚೆ ಚಕ್ರದ ನಟ್ಟು ಕೂರುವ ಒಂದೊಂದು ತೂತಿಗೂ ಒಂದೊಂದು ಗೋಲಿ ಇಡುವುದು ನನ್ನ ಕೆಲಸ. ಚಕ್ರದ ಬೆನ್ನಿನಲ್ಲಿ ಹಬ್ಬಿಗೆ, ಅಂದರೆ ಕಾರಿನಲ್ಲಿ ಚಕ್ರ ಕೂರುವ ಕಬ್ಬಿಣದ ಬಿಲ್ಲೆಗೆ, ಒತ್ತಿಕೊಳ್ಳುವ ಚಪ್ಪಟೆ ಜಾಗಕ್ಕೆ ಪೇಪರ್ ಅಂಟಿಸುವುದೂ ನನ್ನದೇ. ಮೊದಲ ದಿನ ನಾನು ಕೇಳಿಯೇ ಬಿಟ್ಟೆ, ಅಷ್ಟು ಜಾಗ ಬರಿದಾಗಿ ಉಳಿಯುತ್ತದಲ್ಲ ಎಂದು. ನಮ್ಮ ಮನೆಯಲ್ಲಿ ಬೆಳೆದವನಿಗೆ ಅದು ಬಟ್ಟೆ ಇಲ್ಲದೆ ಬೀದಿಗೆ ಹೋದ ಹಾಗೆ. ಮೇಸ್ತ್ರಿ ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ನಟ್ಟು ಲೋಹಾನ ಕಚ್ಚಬೇಕು ಕಣೋ. ಬಣ್ಣಾನ ಕಚ್ಚಿದರೆ ಬಣ್ಣ ಪುಡಿಯಾಗುತ್ತೆ. ಆಮೇಲೆ ಅದರ ಬಾಯಲ್ಲಿ ಏನೂ ಉಳಿಯೋಲ್ಲ. ಚಕ್ರ ತನ್ನ ದಾರಿ ತಾನು ನೋಡಿಕೊಳ್ಳುತ್ತೆ, ಕಾರು ತನ್ನ ದಾರಿ."

ವಿಜಯವಾಡ ಸೇರಿದ ಮೇಲಿನ ಎರಡನೆಯ ದಸರೆಗೆ ರಜೆ ಪಡೆದು ಮನೆಗೆ ಬಂದಾಗ ಕೆಳಗೆ ಒಂದು ಕಾರು ನಿಂತಿತ್ತು. ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರಿಂದ ಅಪ್ಪ ಕೊಂಡದ್ದು. ನಮ್ಮ ಮನೆತನಕ್ಕೇ ಮೊದಲ ಕಾರು. ಮೈಯೆಲ್ಲ ಚೆನ್ನಾಗಿತ್ತು, ಚಕ್ರಗಳನ್ನು ಮಾತ್ರ ನೋಡುವಂತಿರಲಿಲ್ಲ. ಅಲ್ಯೂಮಿನಿಯಮ್ಮಿಗೆ ಕೆಂಪು ತುಕ್ಕು ಬರುವುದಿಲ್ಲ, ವಾರ್ನಿಷ್ಷಿನ ಅಡಿಯಲ್ಲಿ ಬಿಳಿ ಹುಳದಂಥ ಗೆರೆಗಳು ಹರಿಯುತ್ತವೆ. ನಾಲ್ಕೂ ಚಕ್ರಗಳ ತುಂಬ ಅಂಥ ಹುಳ ಹರಿದಿದ್ದವು. ಅಪ್ಪ ಆಗಲೇ ಬೂದುಬಣ್ಣದ ಡಬ್ಬಿ ತೆಗೆದು ಇಟ್ಟಿದ್ದರು.

"ಇವನ್ನ ನಾ ಮಾಡ್ತೀನ್ರಿ," ಎಂದೆ.

ಅಪ್ಪ ನನ್ನನ್ನು ಕಾಲಿನಿಂದ ತಲೆಯತನಕ ನೋಡಿದರು. ಶಾಲೆ ಬಿಟ್ಟಂದಿನಿಂದ ಅವರು ನನಗೆ ಆ ಮನೆಯ ಒಂದು ಬಿಜಾಗರಿಯನ್ನೂ ಮುಟ್ಟಗೊಟ್ಟಿರಲಿಲ್ಲ. "ಹೊಳಪು ನಾಕ್ ದಿನದ್ದು ಎಲ್ಲಾರೂ ತರ್ತಾರ. ನನಗ ಮುಂದಿನ ದಸರಾತನಕ ಇರಬೇಕು. ಈ ಗಾಳ್ಯಾಗ."

"ಇರ್ತೈತ್ರಿ."

"ಇರಲಿಲ್ಲಂದ್ರ?"

"ನೀವ್ ಹೇಳಿದಂಗ."

"ಹತ್ತನೇತ್ತ ಪರೀಕ್ಷಾ ಕಟ್ತಿ. ಹೊರಗಿಂದರ ಕಟ್ತಿ. ಪಾಸಾಗೂತನಕ ವಿಜಯವಾಡ ಇಲ್ಲ, ಮೇಸ್ತ್ರಿ ಇಲ್ಲ."

"ಇದ್ರ?"

"ಇದ್ರ ಸಾಲಿ ಮಾತ ಈ ಮನ್ಯಾಗ ನಾ ಎತ್ತೂದಿಲ್ಲ."

ಅಪ್ಪ ಮಾತು ಕೊಟ್ಟರೆ ಅದು ಮೊಳೆ ಹೊಡೆದ ಹಾಗೆ. ನನ್ನ ಮುಂದಿನ ಬದುಕು ಆ ನಾಲ್ಕು ಚಕ್ರಗಳ ಮೇಲೆ ನಿಂತಿತು ಎಂದು ಅವ್ವನಿಗೂ ಗೊತ್ತಾಯಿತು. "ಗಾಲಿ ಅದಾವ ಸುಡಗಾಡ, ಅದಕ್ಯಾಕ ಅವನ ಹಣೇಬರಾ ಕಟ್ತೀರಿ?" ಎಂದು ಗೊಣಗಿದಳು. ನಾನು ಆಗಲೇ ಜ್ಯಾಕು ಎತ್ತಿಕೊಂಡು ಇಳಿದಿದ್ದೆ.

ಟಯರುಗಳನ್ನು ಮಲ್ಕಾಪುರದ ಹಳೆಯ ಅಂಗಡಿಯಲ್ಲೇ ಬಿಚ್ಚಿಸಿದೆ. ಮೊದಲು ರಿಮೂವರ್ ಹಚ್ಚಿ ಹಳೆಯ ವಾರ್ನಿಷ್ ಎಬ್ಬಿಸಿದೆ. ಅದು ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಬಂತು. ಆಮೇಲೆ ಎಮರಿ ಪೇಪರು. ಒರಟು, ಅದಕ್ಕಿಂತ ನಯ, ಅದಕ್ಕಿಂತ ನಯ, ಕೊನೆಗೆ ನೀರು ಹಾಕಿ ಉಜ್ಜುವುದು. ಬಿಳಿ ಹುಳ ಒಂದೇ ಒಂದು ಉಳಿದರೂ ಹೊಸ ಬಣ್ಣದಡಿ ಮತ್ತೆ ಮರಿ ಹಾಕುತ್ತದೆ. ಅಂಗೈ ಸವೆದು ಅನ್ನ ಕಲಸಿದರೆ ಉರಿಯುತ್ತಿತ್ತು, ಅವ್ವ ಚಮಚೆ ಕೊಟ್ಟಳು, ನಾನು ತೆಗೆದುಕೊಳ್ಳಲಿಲ್ಲ. ಅಪ್ಪನ ಕಣ್ಣ ಮುಂದೆ ಚಮಚೆ ಹಿಡಿಯುವ ಮಾತೇ ಇರಲಿಲ್ಲ. ಸಾಬೂನು ನೀರಲ್ಲಿ ತೊಳೆದು, ಒಣಗಿಸಿ, ಪಕ್ಕದ ಬೀದಿಯ ಪೇಂಟ್ ಅಂಗಡಿಯವರ ಕಂಪ್ರೆಸರ್ ಕೇಳಿ ಪಡೆದು, ತೂತುಗಳಿಗೆ ಗೋಲಿ ಇಟ್ಟು ಪ್ರೈಮರ್ ಹೊಡೆದೆ. ಗೋಲಿಗಳನ್ನು ಅಕ್ಕ ಕೆಳಗಿನ ಮನೆಯ ಮಕ್ಕಳಿಂದ ಬೇಡಿ ತಂದಿದ್ದಳು. ಬೆಳ್ಳಿಬಣ್ಣ, ಅದರ ಮೇಲೆ ವಾರ್ನಿಷ್. ಒಣಗಿದ ಮೇಲೆ ಗೋಡೆಗೆ ಒರಗಿಸಿಟ್ಟ ನಾಲ್ಕು ಚಕ್ರಗಳನ್ನು ನೋಡಿ ಅಕ್ಕ ತೆಲುಗಿನಲ್ಲಿ ಒಂದು ಸಿಳ್ಳೆಯಂಥ ಮಾತು ಹೇಳಿದಳು. ಊಟದ ಹೊತ್ತಲ್ಲ, ನೀರು ಹಾಕಬೇಕಾಗಲಿಲ್ಲ.

ಅಪ್ಪ ಬಂದರು. ತೋರುಬೆರಳು ಎಳೆದರು. ಮುಂಭಾಗದಲ್ಲಿ ಎಲ್ಲೂ ಬೆರಳು ತಡೆಯಲಿಲ್ಲ. ಅವರು ಚಕ್ರವನ್ನು ಮಗುಚಿದರು.

"ಇಲ್ಲಿ ಬಿಟ್ಟೀಯಲ್ಲ."

"ಅಲ್ಲಿ ಹಚ್ಚಬಾರದ್ರಿ."

"ಈ ತೂತಿನ ಒಳಗೂ ಬಿಟ್ಟಿ."

"ಅಲ್ಲಂತೂ ಹಚ್ಚಲೇಬಾರದು. ನಟ್ಟು ಸಡ್ಲ ಆಗ್ತೈತಿ."

"ನೀ ಯಾರಿಗೆ ಹೇಳಾಕತ್ತೀಲೇ ಮಲ್ಲ್ಯಾ? ನೀ ಹುಟ್ಟೂಕಿಂತ ಮದಲ ನಾ ಸಮುದ್ರದಾಗ ಕಬ್ಬಿಣ ಕೆರ್ಯಾಕತ್ತೀನಿ. ವಿಜಯವಾಡದಾಗ ಉಪ್ಪೈತೇನು? ನಿಮ್ಮ ಮೇಸ್ತ್ರಿ ಸಮುದ್ರ ಕಂಡಾನೇನು?"

ಮೇಸ್ತ್ರಿ ಸಮುದ್ರ ಕಂಡಿದ್ದನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಾನು ಮತ್ತೆ ಅದನ್ನೇ ಹೇಳಿದೆ. ಅಪ್ಪ ಮಹಡಿ ಹತ್ತಿ ಹೋಗಿ ಬೂದುಬಣ್ಣದ ಡಬ್ಬಿ ತಂದರು, ಸಣ್ಣ ಬ್ರಷ್ಷು ತಂದರು, ಕೆಳಗೆ ಚಾಪೆ ಹಾಕಿ ಕೂತು ನಾನು ಬಿಟ್ಟ ಒಂದೊಂದು ಜಾಗಕ್ಕೂ ಬಣ್ಣ ತುಂಬಿದರು. ಒಂದು ಕೈ, ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಇನ್ನೊಂದು. ಅಂಚು ಎಲ್ಲೂ ಸೋರಿರಲಿಲ್ಲ. ಅಷ್ಟು ಚಂದದ ಕೈ ಅವರದು. ಚಕ್ರ ಕೂರಿಸುವ ಹೊತ್ತಿಗೆ ನಾನು ದೂರ ನಿಂತೆ.

"ಇಂಥಾ ಗಾಲಿ ನಾ ಕೂಡ್ಸೂದಿಲ್ಲ," ಎಂದೆ. ಆಗ ನನಗೆ ಹದಿನೇಳು.

"ಕೂಡ್ಸಬ್ಯಾಡ," ಎಂದು ಅಪ್ಪ ತಾವೇ ಕೂರಿಸಿ, ಸ್ಪಾನರಿನ ಮೇಲೆ ಕಾಲಿಟ್ಟು ಬಿಗಿ ಮಾಡಿದರು.

ವಿಜಯದಶಮಿಯಂದು ಭೀಮಿಲಿಗೆ ಹೋಗುವುದು ನಮ್ಮ ಮನೆಯ ಪದ್ಧತಿ. ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು, ಅಪ್ಪನಿಗೆ ಹಡಗಿನಲ್ಲಿ ಕೆಲಸ ಕಲಿಸಿದವರು, ನಿವೃತ್ತಿಯಾಗಿ ಅಲ್ಲೇ ಮನೆ ಮಾಡಿದ್ದರು. ಅವರಿಗೆ ಬನ್ನಿ ಕೊಟ್ಟು ಕಾಲಿಗೆ ಬಿದ್ದು ಬರದೆ ನಮಗೆ ಹಬ್ಬ ಮುಗಿಯುತ್ತಿರಲಿಲ್ಲ. ಪ್ರತಿವರ್ಷ ಬಸ್ಸಿನಲ್ಲಿ ಹೋಗುತ್ತಿದ್ದವರು ಆ ವರ್ಷ ಸ್ವಂತ ಕಾರಿನಲ್ಲಿ. ನಾನು ಚಕ್ರದ ಸ್ಪಾನರನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತೆ.

"ಅದನ್ನ ಡಿಕ್ಕ್ಯಾಗ ಒಗಿ," ಎಂದರು ಅಪ್ಪ.

"ಇಲ್ಲೇ ಇರ್ಲ್ರಿ. ನಡುವ ಒಮ್ಮೆ ನಿಂದ್ರಸ್ರಿ, ನಟ್ಟು ನೋಡಬೇಕು."

"ಏನೂ ಬ್ಯಾಡ."

ಹಿಂದಿನ ಸೀಟಿನಿಂದ ಅವ್ವ ಬಾಯಿ ಹಾಕಿದಳು. "ಋಷಿಕೊಂಡದಾಗ ನನಗ ಚಾ ಬೇಕು. ನೀವು ಚಾಕ್ಕ ನಿಂದ್ರಸ್ರಿ. ಅಷ್ಟರಾಗ ಅಂವ ಏನ್ ನೋಡ್ತಾನೋ ನೋಡ್ಲಿ. ಯಾರೂ ಸೋತಂಗಾಗೂದಿಲ್ಲ."

ಸಮುದ್ರದಂಚಿನ ರಸ್ತೆ. ಬಲಗಡೆ ನೀರು ಕಣ್ಣಿಗೆ ಚುಚ್ಚುವಷ್ಟು ಹೊಳೆಯುತ್ತಿತ್ತು. ಊರು ದಾಟಿದ ಸ್ವಲ್ಪ ಹೊತ್ತಿಗೆ ಸ್ಟೇರಿಂಗು ಸಣ್ಣಗೆ ನಡುಗತೊಡಗಿತು. ಅಪ್ಪ ಎರಡೂ ಕೈಯಲ್ಲಿ ಹಿಡಿದರು. "ರಸ್ತಾ ಸುಮಾರ ಐತಿ," ಎಂದರು. ರಸ್ತೆ ಕನ್ನಡಿಯಂತಿತ್ತು. ಹಿಂದೆ ಅಕ್ಕ ಅವ್ವನ ಕೈ ಹಿಡಿದುಕೊಂಡಿದ್ದಳು. ಅಪ್ಪ ವೇಗ ಕಡಿಮೆ ಮಾಡಿದರು, ಇನ್ನೂ ಕಡಿಮೆ ಮಾಡಿದರು, ಋಷಿಕೊಂಡದ ಚಹಾದಂಗಡಿ ಬರುವ ಮುಂಚೆಯೇ ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದರು.

ನಾನು ಇಳಿದು ಬಲಗಡೆಯ ಮುಂದಿನ ಚಕ್ರದ ಮೊದಲ ನಟ್ಟಿಗೆ ಸ್ಪಾನರ್ ಇಟ್ಟೆ. ಅದಕ್ಕೆ ಬಲವೇ ಬೇಕಾಗಲಿಲ್ಲ. ಅಪ್ಪ ನನ್ನ ಕೈಯಿಂದ ಸ್ಪಾನರ್ ತೆಗೆದುಕೊಂಡು ಎರಡನೆಯದನ್ನು ತಾವೇ ತಿರುಗಿಸಿ ನೋಡಿದರು. ಅದೂ ಹಾಗೇ. ನಟ್ಟು ಈಚೆ ಬಂದಾಗ ಅದರ ಕುತ್ತಿಗೆಯಿಂದ ಬೂದುಬಣ್ಣದ ಒಂದು ಬಳೆ, ಹಪ್ಪಳದ ಚೂರಿನಂತೆ, ಅವರ ಅಂಗೈಗೆ ಉದುರಿತು. ಅದನ್ನು ಬೆರಳಲ್ಲಿ ಪುಡಿ ಮಾಡಿದರು. ಹಿಂದಿನ ಸೀಟಿನ ಕಡೆ ಒಮ್ಮೆ ನೋಡಿದರು, ಅಲ್ಲಿ ಅವ್ವನೂ ಅಕ್ಕನೂ ಕೂತಿದ್ದರು. ಆಮೇಲೆ, ಹಡಗಿನಲ್ಲಿ ಜೊತೆಯವರನ್ನು ಕೇಳುವ ದನಿಯಲ್ಲಿ ಕೇಳಿದರು:

"ಈಗ ಏನ್ ಮಾಡ್ಬೇಕು, ಹೇಳು."

"ಬಣ್ಣ ಕೆರದು ತಗೀಬೇಕ್ರಿ. ಎಲ್ಲಾದ್ರಾಗೂ."

"ಜ್ಯಾಕ್ ನಾ ಹಿಡೀತೀನಿ."

ಕೆರೆಯಲು ಸಾಮಾನಿರಲಿಲ್ಲ. ಅವ್ವ ಬುಟ್ಟಿಯಿಂದ ಹಣ್ಣು ಕೊಯ್ಯುವ ಚಾಕು ಕೊಟ್ಟಳು, ಅಕ್ಕ ನೇಲ್ ಕಟರಿನ ಅರ ಕೊಟ್ಟಳು. "ನನ್ನ ನೇಲ್ ಕಟರ್ ಹೋದ್ರ ಹೊಸಾದು ಕೊಡ್ಸಬೇಕು, ಅಪ್ಪಾ," ಎಂದಳು. "ಎರಡ ಕೊಡಿಸ್ತೀನಿ," ಎಂದರು ಅಪ್ಪ. ರಸ್ತೆಯ ಪಕ್ಕದ ಮರಳಿನ ಮೇಲೆ ಹೊಸ ಪಂಚೆ ಉಟ್ಟ ಅಪ್ಪ ಮಂಡಿಯೂರಿ ಕೂತು ತಾವು ಅಷ್ಟು ಚಂದಕ್ಕೆ ಹಚ್ಚಿದ ಬಣ್ಣವನ್ನು ಚಾಕುವಿನಿಂದ ಕೆರೆದು ತೆಗೆದರು. ತೂತಿನ ಒಳಭಾಗ ನಾನು, ಬೆನ್ನಿನ ಚಪ್ಪಟೆ ಜಾಗ ಅವರು. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಒಂದೇ ಕೆಲಸಕ್ಕೆ ಕೈ ಹಚ್ಚಿದ್ದು ಅದೇ ಮೊದಲು. ಭೀಮಿಲಿ ಮುಟ್ಟುವಾಗ ಬಿಸಿಲು ಇಳಿದಿತ್ತು. ಹಿರಿಯರು ಬಾಗಿಲಲ್ಲೇ ಕಾಯುತ್ತಿದ್ದರು.

"ಯಾಕೋ ಇಷ್ಟೊತ್ತು? ಕಾರ್ ಬಂದ್ ಮ್ಯಾಲ ಬಸ್ಸಿಗಿಂತ ತಡಾ?"

"ಬಣ್ಣ ಜಾಸ್ತಿ ಆಗಿತ್ರಿ, ಕಾಕಾ," ಎಂದರು ಅಪ್ಪ, ಬನ್ನಿ ಕೊಡುತ್ತ.

ಪಂದ್ಯ ಮಾತ್ರ ಹಾಗೇ ಇತ್ತು. ಒಂದು ವರ್ಷದ ಗಾಳಿ ಇನ್ನೂ ಬೀಸಬೇಕಿತ್ತು. ವಿಜಯವಾಡದಲ್ಲಿ ಆ ವರ್ಷ ನಾನು ಎಷ್ಟು ಚಕ್ರ ಉಜ್ಜಿದೆನೋ, ಪ್ರತಿಯೊಂದರಲ್ಲೂ ನನ್ನ ಕಣ್ಣಿಗೆ ಆ ನಾಲ್ಕು ಕಾಣುತ್ತಿದ್ದವು. ಮಳೆಗಾಲದಲ್ಲಿ ಚಂಡಮಾರುತದ ಸುದ್ದಿ ಬಂದರೆ ಬೇರೆಯವರು ಮನೆಯವರ ಕ್ಷೇಮ ಕೇಳಿ ಫೋನ್ ಮಾಡುತ್ತಿದ್ದರು, ನಾನು ಚಕ್ರ ಹೇಗಿವೆ ಎಂದು ಕೇಳುತ್ತಿದ್ದೆ. "ನಾವೂ ಅದೀವಪ್ಪಾ ಇಲ್ಲೇ," ಎನ್ನುತ್ತಿದ್ದಳು ಅವ್ವ.

ದಸರೆಗೆ ಮನೆಗೆ ಬಂದೆ. ಚೀಲ ಇಳಿಸುವ ಮುಂಚೆ ಕಾರಿನ ಹತ್ತಿರ ಹೋದೆ. ಬೆಳ್ಳಿಬಣ್ಣ ಇಟ್ಟ ಹಾಗೇ ಇತ್ತು. ಒಂದು ಹುಳವಿಲ್ಲ, ಒಂದು ಗುಳ್ಳೆಯಿಲ್ಲ. ಅಪ್ಪ ಇಳಿದು ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆರಳು ಎಳೆದು ನೋಡಿ, ತಲೆಯಾಡಿಸಿದರು. ನನ್ನ ಎದೆ ಉಬ್ಬಿತು.

"ಬಿಚ್ಚು," ಎಂದರು.

ನಟ್ಟುಗಳು ಸರಾಗ ಬಂದವು. ಚಕ್ರ ಬರಲಿಲ್ಲ. ಎಳೆದೆ, ಅಲ್ಲಾಡಿಸಿದೆ, ಒದ್ದೆ. ಅದು ಕಾರಿನ ಜೊತೆಗೇ ಹುಟ್ಟಿದಂತೆ ಅಂಟಿಕೊಂಡಿತ್ತು. ಕೊನೆಗೆ ಹಿಂದಿನಿಂದ ಮರದ ತುಂಡು ಇಟ್ಟು ಸುತ್ತಿಗೆಯಲ್ಲಿ ಬಡಿದ ಮೇಲೆ ಕಿತ್ತುಕೊಂಡು ಬಂತು. ನಾನು ಬರಿದಾಗಿ ಬಿಟ್ಟಿದ್ದ ಜಾಗದಲ್ಲಿ ಬಿಳಿ ಪುಡಿ, ಎದುರಿನ ಹಬ್ಬಿನ ಮೇಲೆ ಕೆಂಪು ಪುಡಿ, ಎರಡೂ ಕಲಸಿ ಗಾರೆ ಹಾಕಿದ ಹಾಗೆ. ದಾರಿಯಲ್ಲಿ ಪಂಕ್ಚರ್ ಆಗಿದ್ದರೆ ಚಕ್ರ ಬಿಚ್ಚಲಾಗದೆ ಅಪ್ಪ ಅಲ್ಲೇ ಕೂರಬೇಕಿತ್ತು. ವಿಜಯವಾಡದ ಒಣಗಾಳಿಯಲ್ಲಿ ನಾನಾಗಲಿ ಮೇಸ್ತ್ರಿಯಾಗಲಿ ಇದನ್ನು ಕಂಡಿರಲಿಲ್ಲ.

"ಮುಖ ಛಂದೈತಿ," ಎಂದರು ಅಪ್ಪ. "ಬೆನ್ನ ನೋಡು."

ಪಂದ್ಯ ಇದ್ದದ್ದು ಹೊಳಪಿಗೆ ಎಂದು ನಾನು ವಾದಿಸಬಹುದಿತ್ತು. ವಾದಿಸಲಿಲ್ಲ. ಹತ್ತನೆಯ ತರಗತಿಯ ಪುಸ್ತಕಗಳು ನನ್ನ ಕಣ್ಣ ಮುಂದೆ ಬಂದವು. ಆದರೂ ಹೇಳಿದೆ, "ಇದಕ್ಕ ಬಣ್ಣ ಔಷಧ ಅಲ್ಲ್ರಿ. ಬ್ಯಾರೆ ಏನರ ಇರಬೇಕು. ಹುಡುಕ್ತೀನಿ. ಪರೀಕ್ಷಾ ಕಟ್ಟಂದ್ರ ಕಟ್ತೀನಿ, ಆದ್ರ ಇದನ್ನ ಮದಲ ಹುಡುಕ್ತೀನಿ."

ಅಪ್ಪ ಮಹಡಿಗೆ ಹೋದರು. ಪರೀಕ್ಷೆಯ ಫಾರ್ಮು ತರುತ್ತಾರೆ ಎಂದುಕೊಂಡೆ. ಗ್ರೀಸಿನ ಡಬ್ಬಿ ತಂದರು.

"ಹಡಗದಾಗ ಬಣ್ಣ ಹಚ್ಚಾಕ ಬರಲಾರದ ಜಾಗಾನೂ ಅದಾವು. ಹಲ್ಲಿನ ಬೋಲ್ಟು, ತಿರಗೂ ಪಿನ್ನು. ಅಲ್ಲಿ ನಾವು ಇದನ್ನ ಒರಸ್ತೀವಿ."

"ಹಂಗಾರ ಹ್ವಾದ ವರ್ಷ ಬಣ್ಣ ಯಾಕ ಹಚ್ಚಿದ್ರಿ?"

ಅಪ್ಪ ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಹೇಳಿದರು, "ನೀ ಬ್ಯಾಡಂದಿ ಅಂತ ಹಚ್ಚಿದೆ."

ಬೇಡ ಎಂದುಕೊಂಡರೂ ನಗು ಬಂತು. ಅವರು ಬೆರಳಲ್ಲಿ ದೊಡ್ಡ ಉಂಡೆ ಎತ್ತಿದರು, ನಾನು ಕೈ ಹಿಡಿದೆ. ನಟ್ಟು ಕೂರುವ ಜಾಗಕ್ಕೆ ಒಂದು ಚೂರೂ ತಾಗಬಾರದು ಎಂದೆ, ಬ್ರೇಕಿನ ಕಡೆಗಂತೂ ಹೋಗಲೇಬಾರದು. ಬರೀ ಹಬ್ಬು ಕೂರುವ ನಡುವಿನ ಬಳೆಗೆ. ಹಾಗಾದರೆ ಎಷ್ಟು ಎಂದು ಕೇಳಿದರು. ಅರಿವೆಗೆ ಹಚ್ಚಿ, ಒರೆಸಿ, ಕಣ್ಣಿಗೆ ಕಾಣದ ಹಾಗೆ, ಕೈಗೆ ಮಾತ್ರ ತಿಳಿಯುವಷ್ಟು. ಅದು ಕಡಿಮೆ ಎಂದರು, ಸಾಕು ಎಂದೆ. ಅರ್ಧ ದಿನ ಇದೇ ಜಗಳ. ನಾಲ್ಕನೆಯ ಚಕ್ರಕ್ಕೆ ಬರುವಷ್ಟರಲ್ಲಿ ಜಗಳ ಮುಗಿದು ಒಂದು ಅಳತೆ ಸಿಕ್ಕಿತ್ತು. ಅದು ಹಡಗಿನ ಅಳತೆಯಲ್ಲ, ಮೇಸ್ತ್ರಿಯ ಶೆಡ್ಡಿನದೂ ಅಲ್ಲ, ನಮ್ಮಿಬ್ಬರದು.

ಊಟಕ್ಕೆ ಕೂತಾಗ ಅಕ್ಕನಿಗೆ ತಡೆಯಲಾಗಲಿಲ್ಲ. "ಅಪ್ಪಾ, ಪಾಸೋ ಫೇಲೋ?"

ಅಪ್ಪ ತುತ್ತು ನುಂಗಿ, ಚಟ್ನಿ ಹಾಕಿಸಿಕೊಂಡು, ಅವ್ವನ ಕಡೆ ತಿರುಗಿದರು. "ಮಲ್ಲೂಗ ಕಟಿರೊಟ್ಟಿ ಕಟ್ಟು. ನಾಳೆ ಗಾಡಿಗೆ ವಿಜಯವಾಡಕ್ಕ ಹೊಂಟಾನ."

"ಎಷ್ಟ ಕಟ್ಟಲ್ರಿ?"

"ಅಲ್ಲೇ ಇರೂವಂವಗ ಎಷ್ಟ ಕಟ್ತಾರೋ ಅಷ್ಟ."

ಅವ್ವ ಎದ್ದು ಹಿಟ್ಟಿನ ಡಬ್ಬಿಯ ಕಡೆ ಹೋದಳು. ಅವಳ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು, ಸೆರಗಿನಿಂದ ಮುಖ ಒರೆಸಿಕೊಂಡದ್ದು ಗೊತ್ತಾಯಿತು.

ಅಪ್ಪ ಮಾತು ಉಳಿಸಿಕೊಂಡರು. ನಾನು ಮೇಸ್ತ್ರಿಯಿಂದ ಬೇರೆಯಾಗಿ ಸ್ವಂತ ಶೆಡ್ಡು ಹಾಕಿದಾಗಲೂ, ಮೊದಲ ವರ್ಷ ಕೆಲಸವಿಲ್ಲದೆ ಕೂತಾಗಲೂ, ಅವರು ನಿವೃತ್ತರಾಗಿ ಅವ್ವನೊಂದಿಗೆ ವಿಜಯವಾಡಕ್ಕೆ ನನ್ನ ಮನೆಗೇ ಬಂದ ಮೇಲೂ ಶಾಲೆಯ ಮಾತು ಎತ್ತಲಿಲ್ಲ. ಬೆಳಿಗ್ಗೆ ಶೆಡ್ಡಿಗೆ ಇಳಿದು ಬಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಸಮುದ್ರದ ಕಡೆಯ ಕಾರು ಬಂದರೆ ಗ್ರೀಸಿನ ಅರಿವೆ ತಾವೇ ಹಿಡಿಯುತ್ತಾರೆ. ಮೊನ್ನೆ ನನ್ನ ಹಿರಿಮಗಳು ಹತ್ತನೆಯ ತರಗತಿಗೆ ಹೋದಳು. ಹೊಸ ಪುಸ್ತಕಗಳಿಗೆ ಹೊದಿಕೆ ಹಾಕಿಕೊಳ್ಳುತ್ತ, ನಾನು ಅಲ್ಲೇ ಇರುವಾಗ, ಅಜ್ಜನನ್ನು ಕೇಳಿದಳು:

"ತಾತಯ್ಯಾ, ನಾನ್ನ ಎಂದುಕು ಚದುವುಕೋಲೇದು?" ಅಪ್ಪ ಯಾಕೆ ಓದಲಿಲ್ಲ ಎಂದು.

ಅಪ್ಪ ನನ್ನ ಮುಖ ನೋಡಿದರು. ಹೇಳಲಿಕ್ಕೆ ಅವರ ಬಳಿ ಬೇಕಾದಷ್ಟಿತ್ತು. "ನಿಮ್ಮಪ್ಪನ್ನ ಕೇಳವಾ," ಎಂದು ಪೇಪರ್ ಎತ್ತಿಕೊಂಡರು.

ಅವಳಿಗೆ ನಾನು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಈಗ ನನ್ನ ಬಳಿ ಇರುವುದು ಇಷ್ಟು: ಆಟೋನಗರದಲ್ಲಿ ಸ್ವಂತದ್ದೊಂದು ಶೆಡ್ಡು. ಎರಡು ಕಂಪ್ರೆಸರ್, ಬಣ್ಣ ಬೇಯಿಸುವ ಒಂದು ಓವನ್, ಒಂದು ಪಾಲಿಶ್ ಮಷೀನು. ಆರು ಜನ ಕೆಲಸಗಾರರು. ಶೆಡ್ಡಿನ ಮೇಲೆ ಮೂರು ಕೋಣೆಯ ಮನೆ, ಅದರಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅವ್ವ, ಅಪ್ಪ. ಒಂಬತ್ತನೆಯ ತರಗತಿಯ ಅಂಕಪಟ್ಟಿ ಒಂದು.